16 ಗಂಟೆ ಅಂತೆ! ಯಾರ ಮನೆ ಬಾಗಿಲಿಂದ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಬೆಳಿಗ್ಗೆ ವಾಕಿಂಗ್ ಹೊರಟ ಯಾರಾದರೂ ನಿವೃತ್ತ ಯಜಮಾನರನ್ನು ಕೇಳಿ ನೋಡಿ. ಮೈಲಿ, ಕಿಲೋಮೀಟರಿನ ಮಾತೇ ಇಲ್ಲ. "ಹದಿನಾರು ಗಂಟೆ ಸ್ವಾಮಿ, ಡೈರೆಕ್ಟ್ ಫ್ಲೈಟು" ಅಂತಾರೆ. ಮಗ ಅಲ್ಲಿದ್ದಾನೆ, ಸೊಸೆ ಅಲ್ಲಿದ್ದಾಳೆ, ಬಾಣಂತನಕ್ಕೆ ಅಂತ ಗಂಡ ಹೆಂಡತಿ ಇಬ್ಬರೂ ಒಂದು ಸಲ ಹೋಗಿ ಬಂದದ್ದೂ ಆಗಿದೆ. ಆದರೂ ಬಾಯಲ್ಲಿ ಬರೋದು ಅದೇ ಹದಿನಾರು. ಹೋಗಿ ಬಂದವರಿಗೇ ಹೀಗಾದರೆ ಹೋಗದವರ ಪಾಡೇನು?

ಈ ಹದಿನಾರು ಗಂಟೆ ಸುಳ್ಳಲ್ಲ. ಶುದ್ಧ ಸುಳ್ಳಾಗಿದ್ದರೆ ಯಾರಾದರೂ ಹಿಡಿದು ಬಿಡುತ್ತಿದ್ದರು. ಸಂತೇಪೇಟೆಯಲ್ಲಿ ಮೂಟೆ ತೂಗುವವರಿಗೆ ಇದು ಬೇಗ ಅರ್ಥ ಆಗುತ್ತೆ. ಗೋಣಿ ಸೇರಿ ಒಂದು ತೂಕ, ಗೋಣಿ ಕಳೆದು ಒಂದು ತೂಕ. ವಿಮಾನದವರು ಹೇಳೋದು ಗೋಣಿ ಕಳೆದ ತೂಕ. ಅದು ಆಕಾಶದ ಲೆಕ್ಕ ಮಾತ್ರ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಹೊರುವ ಪ್ರಯಾಣಿಕನ ಬೆನ್ನ ಮೇಲೆ ಗೋಣಿಯೂ ಇರುತ್ತೆ, ಗೋಣಿಗೆ ಹೊಲಿದ ಸೆಣಬಿನ ಹುರಿಯೂ ಇರುತ್ತೆ.

ಸಂತೋಷದ ಪ್ರಯಾಣದಲ್ಲಿ ಈ ಲೆಕ್ಕ ತಪ್ಪಿದರೆ ಯಾರಿಗೂ ನಷ್ಟ ಇಲ್ಲ. ಮೊಮ್ಮಗು ನಾಲ್ಕು ಗಂಟೆ ತಡವಾಗಿ ಬಂದರೆ ಅಜ್ಜಿ ಪಾಯಸವನ್ನು ಇನ್ನೊಂದು ಸಲ ಬಿಸಿ ಮಾಡುತ್ತಾಳೆ, ಅಷ್ಟೆ. ಆದರೆ ಸಾವಿನ ಮನೆಯಲ್ಲಿ ಈ ಹದಿನಾರು ಗಂಟೆ ಮಾಡುವ ಅನಾಹುತ ಇದೆಯಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ದಾರಿ ಎಷ್ಟು, ಯಾಕೆ ಅಷ್ಟು ಹೊತ್ತು ಅನ್ನೋದು ಆಗಲಿ.

ದೂರ ಹೆಚ್ಚು ಕಡಿಮೆ 14,000 ಕಿಲೋಮೀಟರು. ಸರಿಯಾಗಿ ಹೇಳಬೇಕು ಅಂದರೆ 13,993. 2021ರ ಜನವರಿಯಲ್ಲಿ ಏರ್ ಇಂಡಿಯಾದವರು ಈ ಎರಡೂರಿನ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ ಪತ್ರಿಕೆಗಳಲ್ಲೆಲ್ಲ ಬಂದ ಅಂಕಿ ಇದು. ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ವಿಮಾನ 11ರ ಬೆಳಗಿನ ಜಾವ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರೇ. ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಬಂದರು. ಆವತ್ತು ಆಕಾಶದಲ್ಲಿ ಕಳೆದದ್ದು ಸುಮಾರು 17 ಗಂಟೆ. 16 ಅಲ್ಲ, 17! ಮೊದಲ ದಿನವೇ ಒಂದು ಗಂಟೆ ಗೋಣಿ ಸೇರಿಕೊಂಡಿತು ನೋಡಿ.

ಹದಿನಾಲ್ಕು ಸಾವಿರ ಅಂದರೆ ಎಷ್ಟು ಅಂತ ಅಂದಾಜು ಬೇಕಲ್ಲ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಬೆಂಗಳೂರಿಗೆ 145 ಕಿಲೋಮೀಟರು ಅಂತ ಹಿಡಿಯಿರಿ. ಹೋಗಿ ಬಂದು, ಹೋಗಿ ಬಂದು 48 ಸಲ ಓಡಾಡಿದರೆ ಅಷ್ಟಾಗುತ್ತೆ. ದಿನಾ ಅಪ್ ಅಂಡ್ ಡೌನ್ ಮಾಡುವ ನೌಕರರಿಗೆ ಎರಡು ತಿಂಗಳ ಪಾಸಿನ ದಾರಿ. ಭೂಮಿಯ ಸುತ್ತಳತೆ 40,000 ಕಿಲೋಮೀಟರು. ಅದರಲ್ಲಿ ಮೂರನೇ ಒಂದಕ್ಕೂ ಜಾಸ್ತಿ ಭಾಗವನ್ನು ಈ ವಿಮಾನ ಎಲ್ಲೂ ಇಳಿಯದೆ ಒಂದೇ ಉಸಿರಿಗೆ ದಾಟಬೇಕು. ಇದಕ್ಕಿಂತ ಉದ್ದದ್ದು ಇಲ್ಲವೆಂದಲ್ಲ. ಸಿಂಗಾಪುರದಿಂದ ನ್ಯೂಯಾರ್ಕಿಗೆ 15,300 ಕಿಲೋಮೀಟರಿಗೂ ಮೇಲೆ, 18 ಗಂಟೆಗೂ ಮೇಲೆ.

ಇನ್ನೊಂದು ಗೊಂದಲ. ಕೆಲವು ಕಡೆ 8,700 ಮೈಲಿ ಅಂತ ಬರೆದಿರುತ್ತೆ, ಕೆಲವು ಕಡೆ 7,550 ಅಂತ. ಟಿಕೆಟ್ ಕೊಂಡವನು ಎಲ್ಲೋ ಶಾರ್ಟ್‌ಕಟ್ ಸಿಕ್ಕಿತು ಅಂದುಕೊಳ್ಳುತ್ತಾನೆ. ಶಾರ್ಟ್‌ಕಟ್ಟೂ ಇಲ್ಲ, ಮಣ್ಣೂ ಇಲ್ಲ. ಒಂದು ರಸ್ತೆ ಮೈಲಿ, ಇನ್ನೊಂದು ಹಡಗು ವಿಮಾನದವರ ನಾಟಿಕಲ್ ಮೈಲಿ. ರಸ್ತೆ ಮೈಲಿ 1.6 ಕಿಲೋಮೀಟರು, ನಾಟಿಕಲ್ ಮೈಲಿ 1.85. ಸೇರು, ಕೆಜಿ, ಪೌಂಡು ಇದ್ದಂತೆ. ಅಕ್ಕಿ ಅಷ್ಟೇ, ಅಳತೆ ಬೇರೆ.

ಗೋಡೆ ಮೇಲಿನ ಭೂಪಟ ನೋಡಿದವರಿಗೆ ಈ ದಾರಿ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ. ಬೆಂಗಳೂರು ಬಲಗಡೆ, ಅಮೆರಿಕ ಎಡಗಡೆ. ಅಂದಮೇಲೆ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಅಡ್ಡಡ್ಡ ಹೋಗಬೇಕು ತಾನೆ? ಉತ್ತರ ಧ್ರುವದ ಕಡೆ ಯಾಕೆ ಹೋಗ್ತಾನೆ, ಅಲ್ಲೇನು ಮಾವನ ಮನೆ ಇದೆಯೆ? ಇದಕ್ಕೆ ಉತ್ತರ ಬೇಕಾದರೆ ಮಕ್ಕಳು ಶಾಲೆಗೆ ಒಯ್ಯುವ ಗ್ಲೋಬು ತಗೊಳ್ಳಿ, ಒಂದು ದಾರ ತಗೊಳ್ಳಿ. ಬೆಂಗಳೂರಿನ ಮೇಲೊಂದು ಬೆರಳು, ಕ್ಯಾಲಿಫೋರ್ನಿಯಾದ ಮೇಲೊಂದು ಬೆರಳು ಇಟ್ಟು ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಜಾರಿ ಜಾರಿ ಮೇಲಕ್ಕೆ ಹೋಗುತ್ತೆ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ರಷ್ಯಾದ ಆ ತುದಿಯ ಹಿಮದ ಸಮುದ್ರ ಮುಟ್ಟಿ, ಅಲಾಸ್ಕಾ ಮೇಲೆ ಹಾದು ಕೆಳಕ್ಕೆ ಇಳಿಯುತ್ತೆ. ಅದೇ ಹತ್ತಿರದ ದಾರಿ. ಭೂಮಿ ಗುಂಡಗಿದೆ, ಭೂಪಟ ಚಪ್ಪಟೆ. ಗುಂಡಗಿರೋದನ್ನು ಚಪ್ಪಟೆ ಮಾಡಿದರೆ ಎಲ್ಲೋ ಒಂದು ಕಡೆ ಮೋಸ ಆಗಲೇಬೇಕು.

ಹಾಗಂತ ವಿಮಾನ ದಾರದ ಮೇಲೇ ಹೋಗುತ್ತೆ ಅಂತಲೂ ಅಲ್ಲ. ಟಿಬೆಟಿನ ಮೇಲೆ ಪೈಲಟ್‌ಗಳು ಹೋಗಲು ಹಿಂಜರಿಯುತ್ತಾರೆ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಉಸಿರಾಡುವಷ್ಟು ಕೆಳಕ್ಕೆ ಬೇಗ ಇಳಿಯಬೇಕು. ಕೆಳಗೆ ಬೆಟ್ಟವೇ ಅಡ್ಡ ಕೂತಿದ್ದರೆ ಎಲ್ಲಿಗೆ ಇಳಿಯೋದು? ಇನ್ನು ಗಾಳಿಯ ವಿಷಯ. ಮೂವತ್ತೈದು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆ ಹರಿದ ಹಾಗೆ ಗಾಳಿ ಹರಿಯುತ್ತೆ. ಗಂಟೆಗೆ 150, 200 ಕಿಲೋಮೀಟರ್ ವೇಗ ಅದಕ್ಕೆ ಲೆಕ್ಕವೇ ಅಲ್ಲ. ನಂಜನಗೂಡಿನಲ್ಲಿ ಕಪಿಲಾ ತುಂಬಿ ಹರಿಯುವಾಗ ಹರಿಗೋಲು ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಳೆ ಜೊತೆ ಹೋದರೆ ಹುಟ್ಟು ಹಾಕೋದೇ ಬೇಡ, ಎದುರು ಹೋದರೆ ಹುಟ್ಟು ಮುರಿದರೂ ಇದ್ದಲ್ಲೇ. ಆದ್ದರಿಂದ ಹೋಗುವಾಗ ಒಂದು ದಾರಿ, ಬರುವಾಗ ಒಂದು ದಾರಿ. ಇವತ್ತೊಂದು ಹೊತ್ತು, ನಾಳೆ ಒಂದು ಹೊತ್ತು. ಚಳಿಗಾಲದ ಹೊತ್ತು ಬೇಸಿಗೆಗಿಲ್ಲ.

ಆಕಾಶಕ್ಕೆ ಬೇಲಿ ಇಲ್ಲ ಅನ್ನೋದು ಕವಿಗಳ ಮಾತು. ಬೇಲಿಯೂ ಇದೆ, ಬೀಗವೂ ಇದೆ. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ಅಮೆರಿಕದ ವಿಮಾನ ಕಂಪೆನಿಗಳಿಗೆ ರಷ್ಯಾ ಬಾಗಿಲು ಹಾಕಿತು. ಇಂಡಿಯಾದ ವಿಮಾನಕ್ಕೆ ಆ ಬಾಗಿಲು ತೆರೆದೇ ಇತ್ತು, ಆದರೆ ಅದೂ ಸುಖದ ದಾರಿಯಲ್ಲ ಅಂತ 2023ರ ಜೂನ್‌ನಲ್ಲಿ ಗೊತ್ತಾಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನದ ಎಂಜಿನ್ ದಾರಿಯಲ್ಲಿ ತೊಂದರೆ ಕೊಟ್ಟಿತು. ಇಳಿದದ್ದು ಮಗದಾನ್ ಅನ್ನೋ ಊರಲ್ಲಿ, ರಷ್ಯಾದ ಪೂರ್ವದ ತುದಿಯಲ್ಲಿ. ಇನ್ನೂರಕ್ಕೂ ಹೆಚ್ಚು ಜನ ಪ್ರಯಾಣಿಕರು ಭಾಷೆ ಗೊತ್ತಿಲ್ಲದ, ಊಟ ಗೊತ್ತಿಲ್ಲದ ಊರಲ್ಲಿ ಬದಲಿ ವಿಮಾನ ಬರುವವರೆಗೂ ಕಾದರು. ಆಮೇಲೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಇಂಡಿಯಾದ ವಿಮಾನಗಳಿಗೆ ಆಕಾಶ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹಾರುವ ವಿಮಾನಗಳು ಸುತ್ತಿ ಬಳಸಿ, ಕೆಲವು ಯುರೋಪಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಹೋಗಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು. ದಾರಿ ಮಾತ್ರ ಉದ್ದವಾಯಿತು.

ಎಣ್ಣೆ ಅಂದೆವಲ್ಲ, ಅದನ್ನೂ ಕೇಳಿ. ಆವತ್ತು ಹಾರಿದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಟ್ಯಾಂಕಿಗೆ ಹಿಡಿಯೋದು ಸುಮಾರು 1.8 ಲಕ್ಷ ಲೀಟರು. ಪೆಟ್ರೋಲ್ ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲಾರಿ ಹದಿನೈದು ನಿಲ್ಲಿಸಿದರೆ ಎಷ್ಟೋ ಅಷ್ಟು. ಆ ಎಣ್ಣೆಯನ್ನು ಹೊತ್ತು ಹಾರಲಿಕ್ಕೇ ಒಂದಿಷ್ಟು ಎಣ್ಣೆ ಸುಡಬೇಕು. ಅದಕ್ಕೇ ಎಲ್ಲ ಕಂಪೆನಿಗಳೂ ಇಂಥ ದಾರಿಗೆ ಕೈಹಾಕುವುದಿಲ್ಲ. ಬೆಂಗಳೂರಿನ ಈ ನೇರ ವಿಮಾನವೂ ಶುರುವಾದಾಗ ವಾರಕ್ಕೆ ಎರಡೇ ದಿನ. 2022ರಲ್ಲಿ ಕೆಲವು ತಿಂಗಳು ನಿಂತು, ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಎದ್ದಿತು. ನೇರ ವಿಮಾನ ಅನ್ನೋದು ಸಂತೆ ಇದ್ದ ಹಾಗೆ. ಸಂತೆ ದಿನ ಹೋದರೆ ಉಂಟು, ಮಾರನೇ ದಿನ ಹೋದರೆ ಬಯಲು.

ಉಳಿದ ದಿನ ಸುತ್ತಿ ಬರಬೇಕು. ದುಬೈ ಮೇಲೆ ಬಂದರೆ ಬೆಂಗಳೂರಿಂದ ದುಬೈಗೆ ಸುಮಾರು 2,700, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000. ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಬಂದರೆ 7,400ಕ್ಕೆ ಇನ್ನೊಂದು 9,100 ಸೇರಿಸಿ. ಎರಡರಲ್ಲಿ ಯಾವುದಾದರೂ ಎರಡು ಸಾವಿರ ಕಿಲೋಮೀಟರ್ ಹೆಚ್ಚಿಗೆ. ಅದು ದೊಡ್ಡದಲ್ಲ, ನಡುವೆ ಇಳಿದು ಬೆಂಚಿನ ಮೇಲೆ ಕೂತು ಕಾಯುವ ನಾಲ್ಕೋ ಆರೋ ಗಂಟೆ ದೊಡ್ಡದು.

ಈಗ ಗಡಿಯಾರದ ವಿಷಯ. ಇದರಲ್ಲಿ ಓದಿದವರೂ ಎಡವುತ್ತಾರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇಲ್ಲಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚಿಯ ಎರಡನೇ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಗ ಹನ್ನೆರಡೂವರೆ. ನವೆಂಬರಿನ ಮೊದಲ ಭಾನುವಾರ ಮತ್ತೆ ವಾಪಸ್ ತಿರುಗಿಸುತ್ತಾರೆ. ಈ ಕಾರಣಕ್ಕೆ ಜನವರಿಯಲ್ಲಿ ಬೆಂಗಳೂರಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದವರು ಅಲ್ಲಿ ಇಳಿಯೋದು ಅದೇ ದಿನ ಸಂಜೆ ಐದು ಗಂಟೆಗೆ! ಟಿಕೆಟ್ ನೋಡಿದ ಪಕ್ಕದ ಮನೆಯವರು "ಏನ್ರೀ, ಎರಡೂವರೆ ಗಂಟೆ ದಾರಿ ಅಷ್ಟೇನಾ? ಬೆಂಗಳೂರಿಗೆ ಹೋದ ಹಾಗೇ ಆಯ್ತಲ್ಲ" ಅಂದರೆ ನಗಬೇಡಿ. ಬರುವಾಗ ಇದರ ಉಲ್ಟಾ. 9ನೇ ತಾರೀಕು ರಾತ್ರಿ ಹೊರಟವರು 11ಕ್ಕೆ ಇಳಿಯುತ್ತಾರೆ. 10ನೇ ತಾರೀಕು ಅನ್ನೋದು ಅವರ ಪಾಲಿಗೆ ಕಿಟಕಿಯಾಚೆ ಹೋಯಿತು. ಟಿಕೆಟಿನಲ್ಲಿ ಇದನ್ನು ಹೇಗೆ ಬರೆದಿರುತ್ತಾರೆ ಗೊತ್ತೆ? ಇಳಿಯುವ ಹೊತ್ತಿನ ಪಕ್ಕ ಇರುವೆ ಗಾತ್ರದಲ್ಲಿ +2. ಕನ್ನಡಕ ಇದ್ದವರಿಗೇ ಕಾಣೋದಿಲ್ಲ. 10ಕ್ಕೇ ಟ್ಯಾಕ್ಸಿ ಮಾಡಿಕೊಂಡು ದೇವನಹಳ್ಳಿಗೆ ಹೋಗಿ, ಬೆಳಗಿನ ಜಾವದ ಚಳಿಯಲ್ಲಿ ಹೆಸರು ಬರೆದ ಹಲಗೆ ಹಿಡಿದು ನಿಂತು, ಬರಿಗೈಯಲ್ಲಿ ವಾಪಸ್ ಬಂದ ಅಪ್ಪಂದಿರು ಮೈಸೂರಿನಲ್ಲಿ ಒಬ್ಬಿಬ್ಬರಲ್ಲ.

ಆಕಾಶದ ಲೆಕ್ಕ ಮುಗಿಯಿತು. ಇನ್ನು ನೆಲ.

ಮೈಸೂರಿಗೂ ದೇವನಹಳ್ಳಿ ನಿಲ್ದಾಣಕ್ಕೂ ಕಾಗೆ ಹಾರಿದ ಹಾಗೆ ಅಳೆದರೆ ಸುಮಾರು 150 ಕಿಲೋಮೀಟರು. ವಿಮಾನದ ವೇಗಕ್ಕೆ ಹನ್ನೊಂದು ನಿಮಿಷದ ದಾರಿ. ರಸ್ತೆಯಲ್ಲಿ ಸುಮಾರು 185 ಕಿಲೋಮೀಟರು, ಹೊತ್ತು ನಾಲ್ಕು ಗಂಟೆ. ಅದೂ ಬೆಂಗಳೂರು ಕೃಪೆ ಮಾಡಿದರೆ. 2023ರ ಮಾರ್ಚ್ 12ರಂದು ಪ್ರಧಾನಿಗಳು ಬಂದು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆ ಮಾಡಿದಾಗ ಎಪ್ಪತ್ತೈದು ನಿಮಿಷಕ್ಕೆ ಬೆಂಗಳೂರು ಅಂತ ಡಂಗುರ ಹೊಡೆದರು. ರಸ್ತೆ ಚೆನ್ನಾಗಿದೆ, ಇಲ್ಲ ಅನ್ನುವವರು ಯಾರು? ಆದರೆ ಆ ಎಪ್ಪತ್ತೈದು ನಿಮಿಷದ ಬೆಂಗಳೂರು ಕೆಂಗೇರಿ ಕಡೆಯ ಬೆಂಗಳೂರು. ಏರ್‌ಪೋರ್ಟ್ ಇರೋದು ಊರಿನ ಆ ಕಡೆ, ಮೆಜೆಸ್ಟಿಕ್‌ನಿಂದಲೇ ಇನ್ನೂ ಮೂವತ್ತೈದು ಕಿಲೋಮೀಟರ್ ಆಚೆ. ಮೊದಲು ಎಚ್‌ಎಎಲ್ ನಿಲ್ದಾಣ ಇದ್ದಾಗ ಹಾಗಿರಲಿಲ್ಲ. 2008ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿ ದೇವನಹಳ್ಳಿಯದನ್ನು ತೆರೆದರು. ಆವತ್ತಿನಿಂದ ಮೈಸೂರಿಗರ ಪಾಲಿಗೆ ಅಮೆರಿಕ ಅಷ್ಟರ ಮಟ್ಟಿಗೆ ದೂರ ಹೋಯಿತು. ಅಲ್ಲಿಯೂ ಇಲ್ಲಿಯೂ ಗಂಟೆಗೆ 850 ಕಿಲೋಮೀಟರ್ ಹಾರಿ ಬಂದ ಮನುಷ್ಯ ಹೆಬ್ಬಾಳದ ಹತ್ತಿರ ಎತ್ತಿನ ಗಾಡಿ ವೇಗಕ್ಕೆ ಬರುತ್ತಾನೆ.

ಕೆಎಸ್‌ಆರ್‌ಟಿಸಿಯವರು 2013ರಲ್ಲಿ ಮೈಸೂರಿಂದ ಏರ್‌ಪೋರ್ಟಿಗೆ ಫ್ಲೈಬಸ್ ಬಿಟ್ಟದ್ದು ಒಳ್ಳೆ ಕೆಲಸ. ಅದನ್ನು ಹೊಗಳಲೇಬೇಕು. ಮೆಜೆಸ್ಟಿಕ್‌ನಲ್ಲಿ ಇಳಿದು ಎರಡು ಸೂಟ್‌ಕೇಸು, ಒಂದು ಉಪ್ಪಿನಕಾಯಿ ಡಬ್ಬ, ಒಬ್ಬ ಮಂಡಿ ನೋವಿನ ಅಜ್ಜಿ ಇಷ್ಟನ್ನೂ ಇನ್ನೊಂದು ಬಸ್ಸಿಗೆ ಹತ್ತಿಸುವ ಪಾಡು ತಪ್ಪಿತು. ಆದರೆ ಹುಣಸೂರಿನವರಿಗೆ, ಎಚ್.ಡಿ. ಕೋಟೆಯವರಿಗೆ, ತಿ. ನರಸೀಪುರದವರಿಗೆ ಮೈಸೂರೇ ಅರ್ಧ ದಾರಿ. ಅವರು ಇನ್ನೂ ಒಂದು ಗಂಟೆ, ಒಂದೂವರೆ ಗಂಟೆ ಸೇರಿಸಿಕೊಳ್ಳಬೇಕು. ಹೋಗುವವರು ವಿಮಾನ ಏಳುವ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಇಳಿದವರಿಗೆ ಪಾಸ್‌ಪೋರ್ಟ್ ಮುದ್ರೆ, ಪೆಟ್ಟಿಗೆ, ಕಸ್ಟಮ್ಸ್ ಅಂತ ಒಂದು ಒಂದೂವರೆ ಗಂಟೆ. ಎಲ್ಲ ಕೂಡಿಸಿದರೆ ಹದಿನಾರು ಗಂಟೆ ಹಾರಲು ಹೊರಟ ಮನುಷ್ಯನಿಗೆ ಮನೆ ಬೀಗ ಹಾಕಿದಾಗಿನಿಂದ ಆ ಕಡೆ ಮನೆ ಬಾಗಿಲು ತಟ್ಟುವವರೆಗೆ ಒಂದು ಹಗಲು ಒಂದು ರಾತ್ರಿ ಆಗಿಯೂ ಮಿಗುತ್ತೆ.

ಇದಕ್ಕೆಲ್ಲ ಮದ್ದು ಮಂಡಕಳ್ಳಿ ಅನ್ನುವವರಿದ್ದಾರೆ. ಚುನಾವಣೆ ಹತ್ತಿರ ಬಂದರೆ ಜಾಸ್ತಿ ಜನ ಅನ್ನುತ್ತಾರೆ. ಮಂಡಕಳ್ಳಿಯ ಓಟದ ಹಾದಿ 1,740 ಮೀಟರು. ಅದನ್ನು 2,750ಕ್ಕೆ ಎಳೆಯುವ ಯೋಜನೆಯ ಮಾತು ವರ್ಷಗಟ್ಟಲೆ ನಡೆದಿದೆ. ಎಳೆಯಲಿ, ಸಂತೋಷ. ಆದರೆ ಹದಿನೈದು ಲಾರಿ ಎಣ್ಣೆ ಹೊತ್ತ ವಿಮಾನಕ್ಕೆ ಅದೂ ಸಾಲದು. ಮೈಸೂರಿಂದ ಬೆಂಗಳೂರಿಗೆ ಸಣ್ಣ ವಿಮಾನ ಬಿಟ್ಟರೆ ಸಾಲದೆ ಅಂದರೆ, ಅದೂ ಆಗಿದೆ. 2010ರಲ್ಲಿ ಕಿಂಗ್‌ಫಿಶರ್‌ನವರು ಬಿಟ್ಟರು, ನಿಲ್ಲಿಸಿದರು. ಆಮೇಲೆ ಬೇರೆಯವರು ಬಿಟ್ಟರು, ಅವರೂ ನಿಲ್ಲಿಸಿದರು. ಮಂಡಕಳ್ಳಿಗೆ ಹೋಗಿ ಒಂದೂವರೆ ಗಂಟೆ ಮೊದಲೇ ಕೂತು, ಹಾರಿ, ಇಳಿದು, ಮುಂದಿನ ವಿಮಾನಕ್ಕೆ ಮತ್ತೆ ಮೂರು ಗಂಟೆ ಕಾಯುವ ಹೊತ್ತಿಗೆ ಫ್ಲೈಬಸ್ಸಿನವನು ಮುಟ್ಟಿ ಕಾಫಿ ಕುಡಿದಿರುತ್ತಾನೆ.

ಈಗ ಸಾವಿನ ಮನೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಯಜಮಾನರು ತೀರಿಕೊಂಡರು ಅಂತಿಟ್ಟುಕೊಳ್ಳಿ. ಜನವರಿ ತಿಂಗಳು. ಮಗ ಸ್ಯಾನ್ ಹೊಸೆಯಲ್ಲಿ. ಅಲ್ಲಿ ಆಗ ಸೋಮವಾರ ಸಂಜೆ ನಾಲ್ಕೂವರೆ, ಇನ್ನೂ ಆಫೀಸಿನಲ್ಲಿದ್ದಾನೆ. ಫೋನ್ ಹೋಯಿತು. "ಈಗಲೇ ಹೊರಡ್ತೀನಿ" ಅಂದ. ಇಲ್ಲಿ ಜಗುಲಿ ಮೇಲೆ ಕೂತ ಹಿರಿಯರು ಬೆರಳು ಮಡಚಿದರು. ಆರು ಮತ್ತೆ ಹದಿನಾರು ಇಪ್ಪತ್ತೆರಡು. ರಾತ್ರಿ ಹತ್ತಕ್ಕೆ ಬೆಂಗಳೂರು, ಮಧ್ಯರಾತ್ರಿ ಮನೆ, ಬೆಳಿಗ್ಗೆ ಎಂಟಕ್ಕೆ ಮಣ್ಣು. ಊರಿಗೆಲ್ಲ ಹಾಗೇ ಹೇಳಿಯೂ ಆಯಿತು. ಬಾಡಿಗೆ ಫ್ರೀಜರ್ ಪೆಟ್ಟಿಗೆ ಬಂತು, ಶಾಮಿಯಾನ ಎದ್ದಿತು, ಹುಣಸೂರಿನ ನೆಂಟರು ಅಂಗಡಿ ಮುಚ್ಚಿ ಬಂದರು.

ನಿಜವಾದ ಲೆಕ್ಕ ಕೇಳಿ. ಆವತ್ತು ರಾತ್ರಿಯೇ ಒಂಬತ್ತಕ್ಕೆ ನೇರ ವಿಮಾನ ಇತ್ತು, ಅದರಲ್ಲಿ ಸೀಟೂ ಸಿಕ್ಕಿತು, ಮಗ ಉಟ್ಟ ಬಟ್ಟೆಯಲ್ಲೇ ಓಡಿದ ಅಂತ ಅತಿ ಒಳ್ಳೆಯ ಲೆಕ್ಕ ಹಾಕಿ. ಅಲ್ಲಿಯ ಒಂಬತ್ತು ಅಂದರೆ ಇಲ್ಲಿ ಮಂಗಳವಾರ ಬೆಳಿಗ್ಗೆ ಹತ್ತೂವರೆ. ಹದಿನೇಳು ಗಂಟೆ ಹಾರಿ ಇಳಿಯೋದು ಬುಧವಾರ ಬೆಳಗಿನ ಜಾವ ಮೂರೂವರೆ. ಹೊರಗೆ ಬಂದು ಟ್ಯಾಕ್ಸಿ ಹತ್ತುವಾಗ ಐದು. ಮೈಸೂರು ಮುಟ್ಟುವಾಗ ಒಂಬತ್ತು. ಫೋನ್ ಹೋದದ್ದರಿಂದ 27 ಗಂಟೆ. ಇದು ದೇವರು ಎಲ್ಲ ಕಡೆ ಕೈಹಿಡಿದರೆ.

ಹಿಡಿಯಲಿಲ್ಲ ಅಂದರೆ? ಆವತ್ತು ಸಂತೆ ದಿನ ಅಲ್ಲ. ಮಾರನೇ ದಿನ ಮಧ್ಯಾಹ್ನ ನಾಲ್ಕಕ್ಕೆ ದುಬೈ ವಿಮಾನ. ಅಂದರೆ ಇಲ್ಲಿ ಬುಧವಾರ ಬೆಳಗಿನ ಜಾವ ಐದೂವರೆ. ದುಬೈಗೆ ಹದಿನಾರು ಗಂಟೆ, ಅಲ್ಲಿ ಕಾಯೋದು ನಾಲ್ಕು, ಬೆಂಗಳೂರಿಗೆ ನಾಲ್ಕು. ಇಳಿಯೋದು ಗುರುವಾರ ಬೆಳಗಿನ ಜಾವ ಐದೂವರೆ. ಪೆಟ್ಟಿಗೆ ಹಿಡಿದು ಹೊರಬಂದು, ಬೆಂಗಳೂರಿನ ಆಫೀಸಿನ ಗಲಾಟೆಯಲ್ಲಿ ಸಿಕ್ಕಿಕೊಂಡು ಮನೆ ಮುಟ್ಟೋದು ಹನ್ನೊಂದಕ್ಕೆ. 53 ಗಂಟೆ! ಜಗುಲಿಯ ಲೆಕ್ಕದಲ್ಲಿ ಬುಧವಾರ ಬೆಳಿಗ್ಗೆ ಎಂಟಕ್ಕೆ ಮುಗಿಯಬೇಕಾದ ಕೆಲಸ ಗುರುವಾರ ಮಧ್ಯಾಹ್ನಕ್ಕೆ ಹೋಯಿತು. ಹೂಳುವವರಾಗಲಿ, ಸುಡುವವರಾಗಲಿ, ಎರಡು ರಾತ್ರಿ ಹೆಣ ಕಾದರು. ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಕ್ಕರೆ ಕಾಯಿಲೆಯ ತಾಯಿ ನೀರು ಕುಡಿಯಲಿಲ್ಲ. ಬಂದ ನೆಂಟರಲ್ಲಿ ಅರ್ಧ ಜನ ಹೂವಿನ ಹಾರ ಹಾಕಿ ಬಸ್ ಹತ್ತಿದರು. ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹದಿನಾರು ಗಂಟೆ ದಾರಿಗೆ ಎರಡು ದಿನ ತಗೊಂಡ. ಬರೋಕೆ ಮನಸ್ಸಿದ್ದರೆ ತಾನೆ?"

ಈ ಮಾತು ಅನ್ಯಾಯದ ಮಾತು. ಹದಿನೇಳು ಗಂಟೆ ಅಳುತ್ತಾ, ಪಕ್ಕದ ಸೀಟಿನವರಿಗೆ ಗೊತ್ತಾಗದ ಹಾಗೆ ಮುಖ ಕಿಟಕಿ ಕಡೆ ತಿರುಗಿಸಿಕೊಂಡು ಬಂದವನ ತಲೆ ಮೇಲೆ ಜಗುಲಿಯವರು ತಮ್ಮ ತಪ್ಪು ಲೆಕ್ಕವನ್ನು ಹೊರಿಸುತ್ತಾರೆ. ಲೆಕ್ಕ ಅವರಿಗೆ ಹೇಳಿಕೊಟ್ಟವರು ಯಾರು? ಟಿಕೆಟ್ ಮಾರುವವರು, ನಿಮಿಷದಲ್ಲಿ ಊರು ಅಳೆಯುವ ಭಾಷಣದವರು. ಬಸ್ಸಿನ ಕಂಡಕ್ಟರ್ ಕೂಡ "ಎರಡೂವರೆ ಗಂಟೆ, ಸ್ಯಾಟಲೈಟ್ ಸ್ಟ್ಯಾಂಡಿಗೆ" ಅಂತ ಎಲ್ಲಿಗೆ ಅನ್ನೋದನ್ನು ಸೇರಿಸಿ ಹೇಳುತ್ತಾನೆ. ಸಾವಿರಾರು ರೂಪಾಯಿ ಕಮಿಷನ್ ತಗೊಳ್ಳುವ ಟ್ರಾವೆಲ್ಸಿನವರಿಗೆ ಅಷ್ಟು ಪ್ರಾಮಾಣಿಕತೆ ಯಾಕಿಲ್ಲ? ಟಿಕೆಟಿನ ಜೊತೆ ಒಂದು ಚೀಟಿಯಲ್ಲಿ ಮೈಸೂರಿಗೆ ಯಾವ ವಾರ, ಯಾವ ತಾರೀಕು, ಎಷ್ಟು ಗಂಟೆಗೆ ಅಂತ ಕನ್ನಡದಲ್ಲಿ ಬರೆದುಕೊಟ್ಟರೆ ಅವರ ಗಂಟೇನು ಹೋಗುತ್ತೆ?

ಮನೆಯವರೂ ಮಾಡಬೇಕಾದ್ದು ಇದೆ. ಶಾಮಿಯಾನದವನಿಗೆ ಹೇಳುವ ಮುಂಚೆ ಮಗನನ್ನು ಕೇಳಬೇಕಾದ್ದು "ಎಷ್ಟು ಹೊತ್ತಿಗೆ ಬರ್ತೀಯಪ್ಪ?" ಅಂತಲ್ಲ, "ಟಿಕೆಟ್ ಕೈಗೆ ಬಂತಾ, ಇಳಿಯೋದು ಯಾವ ವಾರ?" ಅಂತ. ಅಲ್ಲಿವರೆಗೆ ಊರಿಗೆ ಹೊತ್ತು ಹೇಳಬಾರದು. ಅವನೇ "ದೊಡ್ಡಪ್ಪ, ನನಗೆ ಕಾಯಬೇಡಿ, ತಮ್ಮನ ಕೈಲಿ ಮಾಡಿಸಿ" ಅಂದರೆ ಅದನ್ನು ಬೆನ್ನ ಹಿಂದೆ ಆಡಿಕೊಳ್ಳಬಾರದು.

ಇನ್ನೂ ದೊಡ್ಡ ತಪ್ಪು ಆಗೋದು ಅದಕ್ಕೂ ಮೊದಲು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ದಿನ ಫೋನ್ ಮಾಡೋದಿಲ್ಲ. "ಪಾಪ, ಅಷ್ಟು ದೂರ ಇದ್ದಾನೆ, ಸುಮ್ನೆ ಗಾಬರಿ ಯಾಕೆ" ಅಂತ ತಾಯಿ ಬಾಯಿ ಕಟ್ಟುತ್ತಾಳೆ. ವೀಡಿಯೋ ಕಾಲ್ ಬಂದರೆ ಅಪ್ಪ ಮಲಗಿದ್ದಾರೆ ಅಂತಾಳೆ. ಐಸಿಯುಗೆ ಹೋದ ಮೇಲೂ ಎರಡು ದಿನ ನೋಡೋಣ ಅಂತಾರೆ. ಹದಿನಾರು ಗಂಟೆ ದಾರಿ ತಾನೆ, ಹೆಚ್ಚು ಕಡಿಮೆ ಆದರೆ ಬರ್ತಾನೆ ಅನ್ನೋ ಧೈರ್ಯ. ಆ ಧೈರ್ಯ ಕೊಟ್ಟದ್ದೂ ಇದೇ ಅಂಕಿ. ದಾರಿ 27 ಗಂಟೆಯದೂ ಆಗಬಹುದು, 53 ಗಂಟೆಯದೂ ಆಗಬಹುದು ಅಂತ ಗೊತ್ತಿದ್ದರೆ ಫೋನ್ ಮೊದಲ ದಿನವೇ ಹೋಗುತ್ತಿತ್ತು. ಅಪ್ಪನ ಕಣ್ಣು ತೆರೆದಿರುವಾಗಲೇ ಮಗ ಮಂಚದ ಪಕ್ಕ ಕೂರಬಹುದಿತ್ತು.

ಆ ಕಡೆಯವರಿಗೂ ಒಂದು ಮಾತು. ಕೆಲಸದ ವೀಸಾದಲ್ಲಿ ಇರುವವರ ಪಾಸ್‌ಪೋರ್ಟಿನ ಮುದ್ರೆ ಮುಗಿದಿದ್ದರೆ ಇಲ್ಲಿಗೆ ಬರಲು ಅಡ್ಡಿ ಇಲ್ಲ, ವಾಪಸ್ ಹೋಗಬೇಕಾದರೆ ಇಲ್ಲಿ ಹೊಸ ಮುದ್ರೆಗೆ ಕಾಯಬೇಕು. ಎಷ್ಟೋ ಮಕ್ಕಳು ವಿಮಾನ ಹತ್ತಲು ಹಿಂದೆ ಮುಂದೆ ನೋಡುವುದು ಈ ಹೆದರಿಕೆಗೆ, ಪ್ರೀತಿ ಇಲ್ಲದ್ದಕ್ಕಲ್ಲ. ಅಲ್ಲಿಯ ಪೌರತ್ವ ತಗೊಂಡವರಿಗೆ, ಅಲ್ಲೇ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಹಿಡಿದ ಮಕ್ಕಳಿಗೆ ಇಲ್ಲಿ ಇಳಿಯಲು ಓಸಿಐ ಕಾರ್ಡೋ ವೀಸಾನೋ ಬೇಕು. ಮಗುವಿಗೆ ಕಾರ್ಡು ಮಾಡಿಸಿಲ್ಲ ಅನ್ನೋದು ನೆನಪಾಗೋದು ರಾತ್ರಿ ಒಂಬತ್ತರ ವಿಮಾನಕ್ಕೆ ಏರ್‌ಪೋರ್ಟಿನ ಕೌಂಟರ್ ಮುಂದೆ ನಿಂತಾಗ. ಆಗ ಮಗ ಒಬ್ಬನೇ ಹತ್ತುತ್ತಾನೆ. ಸೊಸೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಕಾರ್ ಪಾರ್ಕಿಂಗಿಗೆ ವಾಪಸ್ ನಡೆಯುತ್ತಾಳೆ. ಇಲ್ಲಿ ಜಗುಲಿ ಮೇಲೆ ಅದಕ್ಕೂ ಒಂದು ಮಾತು ತಯಾರಾಗಿರುತ್ತೆ.